ಎಪ್ಪತ್ತುಮೂರು ಪಂಗಡಗಳು: ಇಸ್ಲಾಮೀ ಪಂಡಿತರ ಮತವಿಚಾರವೂ ನಮ್ಮ ಕನ್ನಡ ನಾಡೂ

ಶ್ರೀಮಠದ ಮಹೋತ್ಸವದ ಸ್ಮರಣ ಸಂಪುಟದಲ್ಲಿ ಇಸ್ಲಾಂ ಮತದ ಪಂಡಿತರ ವಿಚಾರವೇತಕ್ಕೆಂದು ಭಕ್ತಮಹಾಶಯರಲ್ಲಿ ಕೆಲವರು ಕೇಳಬಹುದು. ಪ್ರಶ್ನೆಯು ಸಹಜವಾದುದೇ. ಆದರೆ ಒಂದು ಧರ್ಮದೊಳಗೆ ಹಲವು ಪಂಗಡಗಳು ಹುಟ್ಟಿದಾಗ ಯಾರು ಒಳಗಿನವರು, ಯಾರು ಹೊರಗಿನವರು, ಅದನ್ನು ತೀರ್ಮಾನಿಸುವ ಅಧಿಕಾರವು ಯಾರಿಗುಂಟು ಎಂಬ ತೊಡಕು ಯಾವ ಧರ್ಮವನ್ನೂ ಬಿಟ್ಟದ್ದಲ್ಲ. ಗುರುವರ್ಗ ವಿರಕ್ತವರ್ಗಗಳ ಚರ್ಚೆಯನ್ನು ಕೇಳುತ್ತ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಈ ತೊಡಕನ್ನು ಕುರಿತು ಮಧ್ಯಯುಗದ ಅರಬ್ಬೀ ಪಾರಸೀ ಪಂಡಿತರು ಬರೆದಷ್ಟು ವಿಸ್ತಾರವಾಗಿ ಬರೆದವರು ಆ ಕಾಲದಲ್ಲಿ ವಿರಳ. ಅದರಲ್ಲಿಯೂ ಅವರ ಪೈಕಿ ಶ್ರೇಷ್ಠನಾದವನು ಕಲ್ಯಾಣದ ಶರಣರು ಬಾಳಿದ ಶತಮಾನದಲ್ಲಿಯೇ ಬಾಳಿದವನು. ಅವರ ವಿಚಾರಗಳು ಮುಂದೆ ನಮ್ಮ ನಾಡಿಗೇ ಬಂದು ಕಲಬುರ್ಗಿ, ಬೀದರ, ವಿಜಾಪುರಗಳಲ್ಲಿ ರಾಜ್ಯದ ನೀತಿಯನ್ನೇ ತಿರುಗಿಸಿದವು.

ಇಸ್ಲಾಂ ಮತಸ್ಥರ ಪರಿಚಯವು ಈ ಸೀಮೆಗೆ ಬಾದಶಹರ ದಂಡಿನೊಂದಿಗೆ ಬಂದಿತೆಂದು ಸಾಮಾನ್ಯವಾಗಿ ತಿಳಿಯುವರು. ಅದು ಸರಿಯಲ್ಲ. ಕಿತ್ತೂರಿಗೆ ಸಮೀಪವಾದ ದೇಗಾಂವದ ಕಮಲನಾರಾಯಣ ದೇವಾಲಯವನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದನ್ನು ಕಟ್ಟಿಸಿದವಳು ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ಅರಸಿ ಕಮಲಾದೇವಿ. ಪೆರ್ಮಾಡಿಯು ಪಟ್ಟಕ್ಕೆ ಬಂದದ್ದು ಕ್ರಿ.ಶ. ೧೧೪೭ರ ಸುಮಾರಿಗೆ, ದೇಗಾಂವದ ಶಾಸನವು ೧೧೭೪ರದು. ಅಣ್ಣನು ಶಿವಚಿತ್ತ, ತಮ್ಮನು ವಿಷ್ಣುಚಿತ್ತ, ಕುಲದೈವವು ಸಪ್ತಕೋಟೀಶ್ವರ, ಅರಸಿಯು ಕಟ್ಟಿಸಿದ್ದು ನಾರಾಯಣನ ಗುಡಿ: ಈ ಮನೆತನದ ಧರ್ಮಬುದ್ಧಿಯು ಎಂಥದೆಂಬುದು ಇಷ್ಟರಿಂದಲೇ ತಿಳಿಯುವದು. ಇದೇ ವಂಶದ ಮೊದಲನೆಯ ಜಯಕೇಶಿಯ ಕಾಲದ, ಕ್ರಿ.ಶ. ೧೦೫೯ರ ಪಣಜಿಯ ತಾಮ್ರಪಟದಲ್ಲಿ ಛಡಮನೆಂಬ ತಾಜಿಕ, ಎಂದರೆ ಅರಬ್ಬ ಮನೆತನದ ಅಧಿಕಾರಿಯ ಹೆಸರು ಬರುವದು. ಇವನ ಅಜ್ಜನು ಅಲಿಯಮ, ತಂದೆಯು ಮದುಮದ. ಅಲಿ, ಮಹಮ್ಮದ ಎಂಬ ಹೆಸರುಗಳು ನಮ್ಮ ಲಿಪಿಕಾರರ ಕೈಯಲ್ಲಿ ಹೀಗೆ ಮೃದುವಾದವು. ಗೋವೆಯ 'ಮಿಜಿಗಿತಿ'ಯ ನಿರ್ವಹಣಕ್ಕಾಗಿ ಸುಂಕದ ಉತ್ಪನ್ನವನ್ನು ಬಿಟ್ಟುಕೊಟ್ಟ ಸಂಗತಿಯೂ ಅದರಲ್ಲಿದೆ. ದೇಗಾಂವದ ಗುಡಿಗೆ ಕಲ್ಲು ಕೆತ್ತುವದಕ್ಕಿಂತ ಒಂದು ಶತಮಾನ ಮೊದಲೇ ಅದೇ ಅರಸುಮನೆತನದ ಆಶ್ರಯದಲ್ಲಿ ಮಸೀದಿಯೊಂದು ನಡೆಯುತ್ತಿದ್ದಿತು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಪ್ರವಾದಿ ಮಹಮ್ಮದರು ಕ್ರಿ.ಶ. ೬೩೨ರಲ್ಲಿ ದಿವಂಗತರಾದೊಡನೆ ಅವರ ತರುವಾಯ ಸಮಾಜದ ಮುಂದಾಳು ಯಾರೆಂಬ ಪ್ರಶ್ನೆಯು ಹುಟ್ಟಿತು. ಅವರ ಅಳಿಯನಾದ ಅಲಿಗೆ ಆ ಹಕ್ಕು ದೈವದತ್ತವೆಂದವರು ಶಿಯಾಗಳು. ಸಮಾಜವು ಒಪ್ಪಿದವರನ್ನು ಒಪ್ಪಿದವರು ಮುಂದೆ ಸುನ್ನಿಗಳೆನಿಸಿದರು. ಮಹಾಪಾಪವನ್ನು ಮಾಡಿದವನು ಮುಸಲ್ಮಾನನೇ ಅಲ್ಲವೆಂದು ಹೇಳಿ ಇಬ್ಬರಿಂದಲೂ ಹೊರಬಿದ್ದವರು ಖಾರಿಜಿಗಳು. ರಾಜ್ಯದ ಜಗಳವು ಹೀಗೆ ತತ್ತ್ವದ ಜಗಳವಾಯಿತು. ಮನುಷ್ಯನ ಕರ್ಮಕ್ಕೆ ಅವನೇ ಕರ್ತನೋ, ದೇವರ ಸಂಕಲ್ಪವು ಕರ್ತೃವೋ. ದೇವರಿಗೆ ಜ್ಞಾನ, ಶಕ್ತಿ ಮೊದಲಾದ ಗುಣಗಳನ್ನು ಹೇಳಿದರೆ ಅವನ ಏಕತ್ವಕ್ಕೆ ಕುಂದುಂಟಾಗುವದೋ ಇಲ್ಲವೋ: ಇಂಥ ಪ್ರಶ್ನೆಗಳಿಂದ ಒಂದೊಂದು ಪಂಗಡವು ಕವಲೊಡೆಯಿತು. ನಿರ್ಗುಣ ಸಗುಣಗಳ ವಾದವನ್ನು ಬಲ್ಲ ನಮಗೆ ಇವು ಪರಕೀಯವೆನಿಸಲಾರವು.

ತಮ್ಮ ಸಮಾಜವು ಎಪ್ಪತ್ತುಮೂರು ಪಂಗಡಗಳಾಗಿ ಒಡೆಯುವದೆಂದೂ ಅವುಗಳಲ್ಲಿ ಒಂದು ಮಾತ್ರ ಉದ್ಧಾರವಾಗುವದೆಂದೂ ಪ್ರವಾದಿಗಳು ನುಡಿದರೆಂಬ ಪರಂಪರೆಯ ವಾಕ್ಯವೊಂದು ಅವರಲ್ಲಿ ಪ್ರಸಿದ್ಧವಿದೆ. ಯಹೂದ್ಯರಲ್ಲಿ ಎಪ್ಪತ್ತೊಂದು, ಕ್ರೈಸ್ತರಲ್ಲಿ ಎಪ್ಪತ್ತೆರಡು, ಮುಸಲ್ಮಾನರಲ್ಲಿ ಎಪ್ಪತ್ತುಮೂರು. ಪಂಡಿತರಿಗೆ ಇದರಿಂದ ಒಂದು ವಿಚಿತ್ರವಾದ ಕೆಲಸವು ಗಂಟುಬಿದ್ದಿತು. ಸಂಖ್ಯೆಯು ಮೊದಲೇ ಗೊತ್ತಾಗಿದೆ. ಪಂಗಡಗಳನ್ನು ಅದಕ್ಕೆ ಸರಿಯಾಗಿ ಹೊಂದಿಸಬೇಕು! ಒಬ್ಬನು ಎರಡು ಪಂಗಡಗಳನ್ನು ಒಂದು ಮಾಡಿದನು. ಇನ್ನೊಬ್ಬನು ಯಾವನೋ ಒಬ್ಬ ಪಂಡಿತನ ಒಂಟಿ ಅಭಿಪ್ರಾಯಕ್ಕೆ ಪಂಗಡವೆಂದು ಹೆಸರಿಟ್ಟನು. ನಾವು ನಗಬೇಕಾದುದಿಲ್ಲ. ಏಳ್ನೂರೆಪ್ಪತ್ತು ಅಮರಗಣಂಗಳು, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಎಂದು ನಾವು ಹೇಳುವಾಗ ಅದು ತಲೆ ಎಣಿಸಿದ ಲೆಕ್ಕವಲ್ಲ, ಗೌರವದ ಸಂಖ್ಯೆಯೆಂಬುದನ್ನು ಬಲ್ಲೆವು. ಆದರೆ ಗೌರವದ ಸಂಖ್ಯೆಯು ನಮ್ಮವರನ್ನು ಹೆಚ್ಚಿಸುವದು. ಅವರ ಸಂಖ್ಯೆಯು ಎಪ್ಪತ್ತೆರಡು ಪಂಗಡಗಳನ್ನು ನರಕದ ಬಾಗಿಲಲ್ಲಿ ನಿಲ್ಲಿಸುವದು. ಆದುದರಿಂದ ಎಣಿಸುವವನ ಹೊಣೆಯು ಅಲ್ಲಿ ಬಹಳ ದೊಡ್ಡದು.

ಅರಸನು ತಾನೇ ಈ ಎಣಿಕೆಗೆ ಕೈಹಾಕಿದರೆ ಏನಾಗುವದೆಂಬುದಕ್ಕೆ ಬಗದಾದಿನಲ್ಲಿ ನಡೆದುದು ಸಾಕು. ಕುರಾನು ದೇವರಂತೆ ಅನಾದಿಯೋ, ಅವನಿಂದ ಸೃಷ್ಟಿಯಾದುದೋ ಎಂಬುದು ಆಗಿನ ವಾದ. ಸೃಷ್ಟಿಯೆಂಬುದು ಮುತಜಿಲರೆಂಬ ತರ್ಕಪಂಥದವರ ಮತವು. ಖಲೀಫ ಮಾಮೂನನು ಈ ಮತವನ್ನೊಪ್ಪಿ, ಕ್ರಿ.ಶ. ೮೩೩ರಲ್ಲಿ ನ್ಯಾಯಾಧೀಶರೂ ಪಂಡಿತರೂ ಇದನ್ನೇ ಒಪ್ಪಬೇಕೆಂದು ಆಜ್ಞೆ ಮಾಡಿದನು. ಅಹಮದ ಬಿನ್ ಹಂಬಲನೆಂಬ ವೃದ್ಧ ಪಂಡಿತನು ಒಪ್ಪಲಿಲ್ಲ. ಮುಂದಿನ ಖಲೀಫನ ಕಾಲದಲ್ಲಿ ಅವನಿಗೆ ಚಾಟಿಯ ಏಟುಗಳು ಬಿದ್ದವು. ಹದಿನೈದು ವರ್ಷಗಳಷ್ಟು ಕಾಲ ನಡೆದ ಈ ಪರೀಕ್ಷೆಯನ್ನು ಖಲೀಫ ಮುತವಕ್ಕಿಲನು ನಿಲ್ಲಿಸಿದನು. ವಿಪರ್ಯಾಸವೇನೆಂದರೆ, ಬುದ್ಧಿಯ ಸ್ವಾತಂತ್ರ್ಯವನ್ನು ಎತ್ತಿಹಿಡಿದ ಪಂಥವೇ ಚಾಟಿಯನ್ನು ಹಿಡಿಯಿತು. ಚಾಟಿಯ ಏಟು ತಿಂದವನ ಮತವೇ ಜನರಲ್ಲಿ ನೆಲೆನಿಂತಿತು.

ಪಂಗಡಗಳನ್ನು ಕುರಿತು ಬರೆದ ಗ್ರಂಥಗಳಲ್ಲಿ ಮೊದಲು ನೆನೆಯಬೇಕಾದುದು ಬಸರಾ ಪಟ್ಟಣದ ಅಶಅರಿಯದು. ನಾಲ್ವತ್ತು ವರ್ಷ ವಯಸ್ಸಿನವರೆಗೆ ಮುತಜಿಲನಾಗಿದ್ದು, ಆಮೇಲೆ ಆ ಪಕ್ಷವನ್ನು ಬಿಟ್ಟು, ಅವರ ತರ್ಕವನ್ನೇ ಆಯುಧವಾಗಿ ಹಿಡಿದು ಸುನ್ನಿ ಸಿದ್ಧಾಂತವನ್ನು ಕಾಪಾಡಿದವನು ಇವನು, ತೀರಿದ್ದು ಕ್ರಿ.ಶ. ೯೩೬ರ ಸುಮಾರಿಗೆ. ಪಕ್ಷ ಬಿಟ್ಟವರು ಬಿಟ್ಟ ಪಕ್ಷದ ಮೇಲೆ ಹೆಚ್ಚು ಕಿಡಿ ಕಾರುವದು ಲೋಕದ ರೂಢಿ. ಆದರೆ ಇವನ 'ಮಕಾಲಾತುಲ್ ಇಸ್ಲಾಮಿಯ್ಯೀನ್' ಎಂಬ ಗ್ರಂಥದಲ್ಲಿ ಪ್ರತಿಪಕ್ಷದ ಮಾತುಗಳು ಬಹುಮಟ್ಟಿಗೆ ಬಣ್ಣವಿಲ್ಲದೆ ಬಂದಿವೆ. ನಮಾಜು ಮಾಡುವವರಲ್ಲಿಯ ಭಿನ್ನಾಭಿಪ್ರಾಯಗಳು ಎಂದು ಅದರ ಹೆಸರಿನಲ್ಲಿಯೇ ಇದೆ. ಎಂದರೆ ಭಿನ್ನಾಭಿಪ್ರಾಯವುಳ್ಳವರೂ ನಮಾಜು ಮಾಡುವವರೇ. ಇದಕ್ಕೆ ವಿರುದ್ಧವಾದ ರೀತಿಯು ಕ್ರಿ.ಶ. ೧೦೩೭ರಲ್ಲಿ ತೀರಿದ ಅಬ್ದುಲ್ ಕಾಹಿರ ಬಗದಾದಿಯದು. ಅವನು ಎಪ್ಪತ್ತೆರಡನ್ನು ಬಿಡದೆ ಎಣಿಸಿ, ಪ್ರತಿಯೊಂದಕ್ಕೂ ಶಿಕ್ಷೆ ವಿಧಿಸುತ್ತ ಹೋಗುವನು. ಅವನ ಪಾಂಡಿತ್ಯಕ್ಕೆ ಕೊರತೆಯಿಲ್ಲ. ಆದರೆ ಅವನ ಪುಟಗಳನ್ನು ಓದುವವನು ಒಬ್ಬ ನ್ಯಾಯಾಧೀಶನ ತೀರ್ಪನ್ನು ಓದುತ್ತಿರುವೆನೆಂದೇ ಭಾವಿಸುವನು, ವಾದಿಯ ಮಾತನ್ನು ಕೇಳಿದಂತಾಗುವದಿಲ್ಲ.

ಗಜಾಲಿಯ ಹೆಸರನ್ನು ಕೇಳದ ವಿದ್ಯಾವಂತರು ಕಡಿಮೆ. ಜನ್ಮ ಕ್ರಿ.ಶ. ೧೦೫೮, ಮರಣ ೧೧೧೧. ಬಗದಾದಿನ ನಿಜಾಮಿಯಾ ವಿದ್ಯಾಪೀಠದ ಪ್ರಧಾನ ಪಂಡಿತನಾಗಿದ್ದು, ಕೀರ್ತಿಯ ಶಿಖರದಲ್ಲಿರುವಾಗಲೇ ೧೦೯೫ರಲ್ಲಿ ಎಲ್ಲವನ್ನೂ ಬಿಟ್ಟು ಫಕೀರನಂತೆ ಹೊರಟುಹೋದ ಈ ಮಹಾನುಭಾವನನ್ನು ವಿರಕ್ತಪರಂಪರೆಯ ನಾವು ಗೌರವಿಸದೆ ಇರಲಾರೆವು. ತತ್ತ್ವಜ್ಞಾನಿಗಳನ್ನು ಖಂಡಿಸಿದ ಗ್ರಂಥದಲ್ಲಿ ಅವನು ಅವರ ಇಪ್ಪತ್ತು ವಾದಗಳನ್ನೆತ್ತಿಕೊಂಡನು. ಅವುಗಳಲ್ಲಿ ಹದಿನೇಳು ಕೇವಲ ತಪ್ಪುಗಳು, ಮೂರು ಮಾತ್ರ ಧರ್ಮಬಾಹ್ಯವಾದವುಗಳೆಂದು ನಿರ್ಣಯಿಸಿದನು: ಜಗತ್ತು ಅನಾದಿಯೆಂಬುದು, ದೇವರು ಬಿಡಿಬಿಡಿಯಾದ ವಸ್ತುಗಳನ್ನು ಅರಿಯನೆಂಬುದು, ದೇಹದ ಪುನರುತ್ಥಾನವಿಲ್ಲವೆಂಬುದು. ಮುಂದೆ ಇದೇ ವಿಷಯಕ್ಕಾಗಿಯೇ ಒಂದು ಚಿಕ್ಕ ಗ್ರಂಥವನ್ನು ಬರೆದು, ಮೂಲವಾಕ್ಯವನ್ನು ನಂಬಿ ಮಕ್ಕೆಯ ದಿಕ್ಕಿಗೆ ಮುಖ ಮಾಡಿ ಪ್ರಾರ್ಥಿಸುವವರನ್ನು ಧರ್ಮಬಾಹ್ಯರೆನ್ನುವದರಲ್ಲಿ ನಾಲಿಗೆಯನ್ನು ಬಿಗಿಹಿಡಿಯಬೇಕೆಂದೂ, ವ್ಯಾಖ್ಯಾನದ ಭೇದಮಾತ್ರದಿಂದ ಯಾರೂ ಹೊರಗಾಗರೆಂದೂ ವಾದಿಸಿದನು. ತಪ್ಪು ಬೇರೆ, ದ್ರೋಹ ಬೇರೆ ಎಂಬ ಈ ವಿವೇಚನೆಯು ಗಜಾಲಿಯ ದೊಡ್ಡ ಕಾಣಿಕೆಯೆಂದು ನನ್ನ ಅಭಿಪ್ರಾಯ. ಆದರೂ ಆ ಮೂರು ವಾದಗಳ ವಿಷಯದಲ್ಲಿ ಅವನು ವಿಧಿಸಿದ ದಂಡನೆಯು ಪ್ರಾಣದಂಡನೆಯೇ ಎಂಬುದನ್ನು ಮರೆಮಾಚುವದು ಸರಿಯಲ್ಲ.

ಶಹರಸ್ತಾನಿಯು ಕ್ರಿ.ಶ. ೧೧೫೩ರಲ್ಲಿ ತೀರಿಕೊಂಡನು. ಆಗ ನಮ್ಮ ಸೀಮೆಯಲ್ಲಿ ಶಿವಚಿತ್ತ ಪೆರ್ಮಾಡಿಯು ಪಟ್ಟಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಖುರಾಸಾನ ಪ್ರಾಂತದ ಶಹರಸ್ತಾನವೇ ಇವನ ಊರು. ನಿಶಾಪುರದಲ್ಲಿ ಓದಿ, ಕ್ರಿ.ಶ. ೧೧೧೬ರಲ್ಲಿ ಮಕ್ಕೆಯ ಯಾತ್ರೆಗೆ ಹೋಗಿ ಬಂದು, ಮೂರು ವರ್ಷ ಬಗದಾದಿನಲ್ಲಿ ಬೋಧಿಸಿದನು. ಅವನ 'ಕಿತಾಬುಲ್ ಮಿಲಲ್ ವನ್ನಿಹಲ್', ಎಂದರೆ ಮತಗಳ ಮತ್ತು ಪಂಥಗಳ ಗ್ರಂಥವು, ಕ್ರಿ.ಶ. ೧೧೨೭ರ ಸುಮಾರಿಗೆ ಹುಟ್ಟಿತು. ಪ್ರತಿ ಪಂಗಡದ ಮತವನ್ನು ಅವರವರ ಗ್ರಂಥಗಳಲ್ಲಿ ಕಂಡಂತೆಯೇ, ಪರವಾಗಿ ಎಳೆಯದೆ ವಿರೋಧವಾಗಿ ಮುರಿಯದೆ ಹೇಳುವೆನೆಂದು ಅವನು ಪೀಠಿಕೆಯಲ್ಲಿಯೇ ಕಟ್ಟು ಹಾಕಿಕೊಂಡನು. ಹಿಂದಿನವರು ಪಂಗಡಗಳನ್ನು ಎಣಿಸಿದ್ದಕ್ಕೆ ಒಂದು ನಿಯಮವೇ ಇಲ್ಲವೆಂದು ಆಕ್ಷೇಪಿಸಿ ತಾನೇ ಒಂದು ನಿಯಮವನ್ನು ಮಾಡಿದನು. ದೇವರ ಏಕತ್ವ ಮತ್ತು ಗುಣಗಳು, ದೈವಸಂಕಲ್ಪ ಮತ್ತು ನ್ಯಾಯ, ಪುಣ್ಯಪಾಪಗಳ ಫಲ, ಶ್ರುತಿ, ಯುಕ್ತಿ ಮತ್ತು ಧರ್ಮಾಧ್ಯಕ್ಷತೆ: ಈ ನಾಲ್ಕು ಮೂಲಪ್ರಶ್ನೆಗಳಲ್ಲಿ ಭೇದವಿದ್ದರೆ ಮಾತ್ರ ಅದು ಪಂಗಡ, ಬಿಡಿ ಪ್ರಶ್ನೆಯೊಂದರಲ್ಲಿ ಒಬ್ಬನು ಒಂದು ಹೊಸ ಮಾತನ್ನಾಡಿದರೆ ಅದು ಪಂಗಡವಲ್ಲ. ಹೀಗೆ ಎಣಿಕೆಯ ಚಟಕ್ಕೆ ಮೊದಲ ಸಲ ಮೂಗುದಾಣ ಬಿದ್ದಿತು. ಆದರೂ ಎಪ್ಪತ್ತುಮೂರನ್ನು ಅವನು ಕೈಬಿಡಲಿಲ್ಲ, ಅದು ಪ್ರವಾದಿವಾಕ್ಯವಲ್ಲವೇ!

ಅವನು ಕೊಟ್ಟ ಮಾತಿಗೆ ನಡೆದುಕೊಂಡನೋ ಇಲ್ಲವೋ ಎಂಬುದಕ್ಕೆ ಒಂದೇ ಒಂದು ಸಾಕ್ಷ್ಯವನ್ನು ಹೇಳುವೆನು. ಆ ಕಾಲದಲ್ಲಿ ಸುನ್ನಿ ರಾಜ್ಯಗಳ ಎದೆ ನಡುಗಿಸುತ್ತಿದ್ದವರು ಅಲಮೂತ ಕೋಟೆಯ ಇಸ್ಮಾಯಿಲಿ ಪಂಥದವರು. ಅವರ ನಾಯಕ ಹಸನ್ ಸಬ್ಬಾಹನು ೧೧೨೪ರಲ್ಲಿ ತೀರಿದನು. ದೊಡ್ಡ ದೊಡ್ಡ ಮಂತ್ರಿಗಳು ಇವನ ಕಡೆಯವರ ಕಠಾರಿಗೆ ಬಲಿಯಾದರು. ಅಂಥವನು ಪಾರಸೀ ಭಾಷೆಯಲ್ಲಿ ಬರೆದ ಸಿದ್ಧಾಂತ ಪ್ರಕರಣವನ್ನು ಶಹರಸ್ತಾನಿಯು ಅರಬ್ಬಿಗೆ ತಿರುಗಿಸಿ ತನ್ನ ಗ್ರಂಥದಲ್ಲಿ ಸೇರಿಸಿದನು. ಮೂಲವು ನಷ್ಟವಾಗಿದೆ, ಆ ಪಂಥದ ನಾಯಕನ ತರ್ಕವು ಏನೆಂಬುದು ಲೋಕಕ್ಕೆ ತಿಳಿದಿರುವದು ಮುಖ್ಯವಾಗಿ ಈ ಪ್ರತಿಪಕ್ಷಿಯ ಪುಟಗಳಿಂದ. ಅವನಿಗೆ ಇದರ ಫಲವೂ ದೊರೆಯಿತು. ನೀನೂ ಒಳಗೊಳಗೆ ಇಸ್ಮಾಯಿಲಿಯೇ ಎಂದು ಸಮಕಾಲೀನರು ಅಪವಾದ ಹೊರಿಸಿದರು. ಪರರ ಮತವನ್ನು ಸರಿಯಾಗಿ ಹೇಳಿದವನು ಅವರವನೇ ಇರಬೇಕೆಂಬ ಸಂಶಯವು ಎಲ್ಲ ಕಾಲಕ್ಕೂ ಒಂದೇ ತೆರನಾದುದು.

ನಮಗೆ ಹೆಚ್ಚಿನ ಕುತೂಹಲದ ಸಂಗತಿಯೆಂದರೆ, ಆ ಗ್ರಂಥದ ಕಡೆಯ ಭಾಗದಲ್ಲಿ ಹಿಂದೂದೇಶದ ಮತಗಳ ಪ್ರಕರಣವೂ ಉಂಟು. ಬ್ರಾಹ್ಮಣರು, ಬೌದ್ಧರು, ಸೂರ್ಯಚಂದ್ರರ ಉಪಾಸಕರು, ಜಲದ ಮತ್ತು ಅಗ್ನಿಯ ಉಪಾಸಕರು ಅದರಲ್ಲಿ ಬರುವರು. ಭಸ್ಮವನ್ನು ಬಳಿದುಕೊಂಡು ಕಪಾಲಗಳನ್ನು ಧರಿಸಿದ ಶಿವನನ್ನು ನಂಬಿದ ಕಾಪಾಲಿಕರನ್ನೂ ಅವನು ವರ್ಣಿಸಿದ್ದಾನೆ. ಶಿವನನ್ನು 'ಶಿಬ್' ಎಂಬ ದೇವದೂತನನ್ನಾಗಿ ಮಾಡಿದ್ದಾನೆ! ಆದರೆ ಅವನು ಹಿಂದೂದೇಶವನ್ನು ಕಂಡವನಲ್ಲ. ಮುನ್ನೂರು ವರ್ಷಗಳ ಹಿಂದೆ ಬಗದಾದಿನ ಮಂತ್ರಿ ಬರ್ಮಕಿ ಯಹ್ಯನು ಬರೆಯಿಸಿ ತರಿಸಿದ ವರದಿಯಿಂದ ಇಳಿದುಬಂದ ಮಾತುಗಳೇ ಅವನಿಗೆ ಆಧಾರ. ಅವರವರ ಗ್ರಂಥದಿಂದಲೇ ಹೇಳುವೆನೆಂಬ ನಿಯಮವು ಇಲ್ಲಿ ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ಅದೇ ಶತಮಾನದಲ್ಲಿ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಕಲ್ಯಾಣದಲ್ಲಿ ಎದ್ದ ಸಮಾಜದ ಸುದ್ದಿಯು ಅವನ ಕಿವಿಗೆ ಬೀಳಲಿಲ್ಲ. ಗಜನಿಯ ಮಹಮೂದನ ಕಾಲದ ಅಲ್ ಬೆರೂನಿಯು ಸಂಸ್ಕೃತವನ್ನು ಕಲಿತು ಬರೆದಂತೆ ಇವನು ಬರೆದಿದ್ದರೆ ಎಷ್ಟೋ ಬೇರೆಯಾಗುತ್ತಿದ್ದಿತು.

ಶಹರಸ್ತಾನಿಯ ಪಕ್ಕದಲ್ಲಿ ಕನ್ನಡದ ಒಬ್ಬನನ್ನು ನಿಲ್ಲಿಸಿ ನೋಡುವದು ಉಚಿತ. ಅದೇ ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ಬ್ರಹ್ಮಶಿವನು 'ಸಮಯಪರೀಕ್ಷೆ'ಯನ್ನು ಬರೆದನು. ಇವನದೂ ಮತಗಳ ಪರೀಕ್ಷೆಯೇ. ಆಗಿನ ಜನರ ನಂಬಿಕೆ, ವ್ರತ, ಕ್ಷುದ್ರದೈವಗಳ ಆರಾಧನೆ ಇವನ್ನೆಲ್ಲ ಕಣ್ಣಾರೆ ಕಂಡು ಬರೆದುದರಿಂದ ವಿವರಗಳು ಸಜೀವವಾಗಿವೆ. ಆದರೆ ಉದ್ದೇಶವು ಜಿನಮತದ ಮೇಲ್ಮೆಯನ್ನು ಸಾಧಿಸುವದು, ಮಾರ್ಗವು ಪರಿಹಾಸ. ಒಬ್ಬನು ನೋಡದೆ ನ್ಯಾಯವಾಗಿ ಹೇಳಲು ಯತ್ನಿಸಿದನು. ಇನ್ನೊಬ್ಬನು ನೋಡಿಯೂ ನಗೆಯಾಡಿದನು. ನಮ್ಮ ಶೈವಪುರಾಣಕಾರರು ಜೈನರನ್ನು ಕುರಿತು ಬರೆದ ಪ್ರಕರಣಗಳನ್ನು ಓದಿದವರು ಬ್ರಹ್ಮಶಿವನ ಮೇಲೆ ಕಲ್ಲೆಸೆಯುವ ಮೊದಲು ಸ್ವಲ್ಪ ತಡೆಯುವದು ಲೇಸು.

ಈ ಅರಬ್ಬೀ ಪಾರಸೀ ವಿದ್ಯೆಯು ಕನ್ನಡ ನಾಡಿನಲ್ಲಿ ಬೇರೂರಿದ್ದು ಬಹಮನಿ ಅರಸರ ಕಾಲದಲ್ಲಿ. ಖ್ವಾಜಾ ಬಂದೇನವಾಜ ಗೇಸೂದರಾಜರು ಕ್ರಿ.ಶ. ೧೩೨೧ರಲ್ಲಿ ದಿಲ್ಲಿಯಲ್ಲಿ ಜನಿಸಿ, ತೈಮೂರನ ದಾಳಿಯ ಕಾಲಕ್ಕೆ, ೧೩೯೮ರಲ್ಲಿ, ದಿಲ್ಲಿಯನ್ನು ಬಿಟ್ಟು, ಸುಮಾರು ಎಂಬತ್ತು ವರ್ಷದ ವೃದ್ಧರಾಗಿ ಕಲಬುರ್ಗಿಗೆ ಬಂದು ನೆಲಸಿದರು. ೧೪೨೨ರಲ್ಲಿ ಅಲ್ಲಿಯೇ ದೇಹವಿಟ್ಟರು. ಅನುಭಾವಿಗಳಾದರೂ ಆಚಾರದ ಕಟ್ಟನ್ನು ಸಡಿಲಿಸದವರು. ಸರ್ವವೂ ಒಂದೇ ಸತ್ತೆಯೆಂದು ಸಾರಿದ ಸ್ಪೇನ್ ದೇಶದ ಇಬ್ನ್ ಅರಬಿಯ ಸಿದ್ಧಾಂತವು ಸೂಫಿಗಳಲ್ಲಿ ಎಲ್ಲೆಲ್ಲಿಯೂ ಮನ್ನಣೆ ಪಡೆದಿದ್ದಾಗ, ಇವರು ಅದನ್ನು ಬಹಿರಂಗವಾಗಿ ಖಂಡಿಸಿದರು. ದೊರೆ ಫಿರೋಜಶಹನು ತರ್ಕ, ಗಣಿತ, ಜ್ಯೋತಿಷ್ಯಗಳಲ್ಲಿ ಆಸಕ್ತನು. ಮೊದಲಲ್ಲಿ ಆದರದಿಂದ ಕಂಡರೂ ಅವನ ಮನಸ್ಸು ಇವರಿಗೆ ಒಲಿಯಲಿಲ್ಲ. ಕಡೆಗೆ ಕೋಟೆಯ ಹತ್ತಿರದ ಮಠವನ್ನು ಬಿಟ್ಟು ಖ್ವಾಜಾ ಅವರು ದೂರಕ್ಕೆ ಹೋಗಬೇಕಾಯಿತು. ದೊರೆಯ ತಮ್ಮ ಅಹಮದನು ಅವರ ಭಕ್ತನಾಗಿ, ೧೪೨೨ರಲ್ಲಿ ಪಟ್ಟವೇರಿದನು.

ಆ ಅಹಮದಶಹ ವಲಿಯೇ ರಾಜಧಾನಿಯನ್ನು ಬೀದರಕ್ಕೆ ಒಯ್ದು, ಪಾರಸೀಕ ದೇಶದ ಕಿರ್ಮಾನದಿಂದ ಶಹ ನಿಅಮತುಲ್ಲಾ ಎಂಬ ಮಹಾಸೂಫಿಯ ಮನೆತನದವರನ್ನು ಬರಮಾಡಿಕೊಂಡನು. ಬೀದರದ ಬಳಿಯ ಅಷ್ಟೂರಿನಲ್ಲಿರುವ ಅವನ ಸಮಾಧಿಯ ಒಳಗೋಡೆಗಳ ಮೇಲೆ ಬಂಗಾರದ ಬಣ್ಣದ ಬರವಣಿಗೆಯಲ್ಲಿ ಆ ಸೂಫಿಯ ಗುರುಪರಂಪರೆಯೂ ಕವಿತೆಗಳೂ ಇವೆ. ಸುನ್ನಿ ಮನೆತನದ ಅರಸನ ಸಮಾಧಿಯಲ್ಲಿ ಶಿಯಾ ಪದ್ಧತಿಯ ಸ್ತುತಿಯೂ ಇದೆ. ಅವನನ್ನು ಯಾವ ಪಂಗಡದಲ್ಲಿ ಸೇರಿಸಬೇಕೆಂಬ ಬಗ್ಗೆ ಇತಿಹಾಸಕಾರರು ವಾದಿಸುತ್ತ ಬಂದಿದ್ದಾರೆ. ಜನರು ಮಾತ್ರ ವಾದಿಸಲಿಲ್ಲ. ನಮ್ಮವರು ಅವನನ್ನು ಅಲ್ಲಮಪ್ರಭುವಿನ ಅಂಶವೆಂದು ನಂಬಿ ನಡೆದುಕೊಂಡರು. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಮಾಡಿಯಾಳದ ಜಂಗಮರು ಬಂದು ಮುಂದಾಳಾಗುವ ವಾಡಿಕೆಯು ಬೆಳೆದುಬಂದಿತು. ಬಗದಾದಿಯ ಎಪ್ಪತ್ತುಮೂರರಲ್ಲಿ ಇದಕ್ಕೆ ಮನೆಯಿಲ್ಲ.

ವಿಜಾಪುರದ ಆದಿಲಶಾಹಿಯಲ್ಲಿ ಪಂಗಡದ ಪ್ರಶ್ನೆಯು ಸಿಂಹಾಸನಕ್ಕೇ ಅಂಟಿಕೊಂಡಿತು. ಯೂಸುಫ ಆದಿಲಶಹನು ೧೫೦೩ರ ಸುಮಾರಿಗೆ ಶುಕ್ರವಾರದ ಪ್ರವಚನವನ್ನು ಹನ್ನೆರಡು ಇಮಾಮರ ಹೆಸರಿನಲ್ಲಿ ಓದಿಸಿ ಶಿಯಾ ಮತವನ್ನು ರಾಜಮತವೆಂದು ಸಾರಿದನು. ನೆರೆಯ ಸುಲ್ತಾನರು ಇದೇ ನೆಪದಿಂದ ಒಟ್ಟಾಗಿ ಮೇಲೆ ಬೀಳಲು, ಅವನು ರಾಜಧಾನಿಯನ್ನು ಬಿಟ್ಟು ದೂರ ಸರಿದು, ಸುನ್ನಿ ಪದ್ಧತಿಯನ್ನು ಮತ್ತೆ ನಡೆಯಿಸಿರೆಂದು ಹೇಳಿ ಕಳಿಸಬೇಕಾಯಿತು. ಕಾಲ ಅನುಕೂಲವಾದೊಡನೆ ತನ್ನ ಮತಕ್ಕೇ ಮರಳಿದನು. ಆದರೂ ಸುನ್ನಿಗಳು ಪೂಜ್ಯರೆಂದು ತಿಳಿಯುವ ಪ್ರವಾದಿಯ ಸಂಗಡಿಗರನ್ನು ಯಾರೂ ನಿಂದಿಸಕೂಡದೆಂದು ಅವನು ಕಟ್ಟಪ್ಪಣೆ ಮಾಡಿದ್ದನೆಂದು ಫಿರಿಸ್ತಾ ಬರೆದಿದ್ದಾನೆ. ಮಗ ಇಸ್ಮಾಯಿಲನು ಸೈನಿಕರಿಗೆ ಪಾರಸೀಕ ಶಿಯಾಗಳಂತೆ ಹನ್ನೆರಡು ಮೂಲೆಯ ಕೆಂಪು ಟೊಪ್ಪಿಗೆಯನ್ನು ಕಡ್ಡಾಯ ಮಾಡಿದನು. ೧೫೩೪ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಮನು ಸುನ್ನಿ ಮತವನ್ನು ಸಾರಿ, ಟೊಪ್ಪಿಗೆಯನ್ನು ನಿಷೇಧಿಸಿ, ಪರದೇಶಿ ಸರದಾರರಲ್ಲಿ ಬಹುಮಂದಿಯನ್ನು ಹೊರಗೆ ಹಾಕಿ, ದಫ್ತರದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಂದನು. ೧೫೫೮ರಲ್ಲಿ ಮಗ ಅಲಿಯು ಮತ್ತೆ ಶಿಯಾ. ೧೫೮೦ರಲ್ಲಿ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಮನ ಕಾಲದಲ್ಲಿ ಮತ್ತೆ ಸುನ್ನಿ. ಎಂಬತ್ತು ವರ್ಷಗಳಲ್ಲಿ ರಾಜಮತವು ಇಷ್ಟು ಸಲ ಮಗುಚಿತು. ಹೊರಗೆ ತೋರಿದ್ದು ಇಮಾಮರ ವಾದ; ಒಳಗೆ ನಡೆದದ್ದು ಸಮುದ್ರದಾಚೆಯಿಂದ ಬಂದ ಪಾರಸೀಕ ಸರದಾರರಿಗೂ ಇಲ್ಲಿಯೇ ಬೆಳೆದ ದಖನಿ ಸರದಾರರಿಗೂ ಅಧಿಕಾರಕ್ಕಾಗಿ ನಡೆದ ಹೋರಾಟವು. ಅಶಅರಿಯೂ ಶಹರಸ್ತಾನಿಯೂ ವರ್ಷಗಟ್ಟಲೆ ತೂಗಿ ನೋಡಿದ ಸೂಕ್ಷ್ಮಗಳು ಇಲ್ಲಿ ಟೊಪ್ಪಿಗೆಯ ಮೂಲೆಗಳಾಗಿ ಉಳಿದುದನ್ನು ಕಂಡರೆ ವಿದ್ವಾಂಸನಾದವನಿಗೆ ಮರುಕವುಂಟಾಗುವದು.

ಎರಡನೆಯ ಇಬ್ರಾಹಿಮನು ಬೆಳೆದು ದೊಡ್ಡವನಾದ ಮೇಲೆ ಈ ಜಗಳದಲ್ಲಿ ಬಹಳ ಆಸಕ್ತಿ ತೋರಲಿಲ್ಲ. ಶಿಯಾ ಸುನ್ನಿ ಇಬ್ಬರೂ ಅವನ ದರಬಾರದಲ್ಲಿ ಉದ್ಯೋಗ ಮಾಡಿದರು. ಫಿರಿಸ್ತಾ ಎಂದು ಪ್ರಸಿದ್ಧನಾದ ಮಹಮ್ಮದ ಕಾಸಿಮನು ಅಲ್ಲಿಯೇ ಕುಳಿತು ಭರತಖಂಡದ ಇತಿಹಾಸವನ್ನು ಬರೆದನು. ಅರಸನು ತಾನೇ ರಚಿಸಿದ 'ಕಿತಾಬೆ ನೌರಸ್' ಎಂಬ ಗೀತಗ್ರಂಥದಲ್ಲಿ ಸರಸ್ವತಿಯನ್ನೂ ಪ್ರವಾದಿಗಳನ್ನೂ ಕಲಬುರ್ಗಿಯ ಖ್ವಾಜಾ ಬಂದೇನವಾಜರನ್ನೂ ಸ್ತುತಿಸಿದನು. ಪ್ರಜೆಗಳು ಅವನನ್ನು ಜಗದ್ಗುರುವೆಂದು ಕರೆದರು. ಇವನ ಆಳಿಕೆಯಲ್ಲಿಯೇ, ಕ್ರಿ.ಶ. ೧೫೮೫ರಲ್ಲಿ, ವಿಜಾಪುರದ ಸೈನ್ಯದಲ್ಲಿ ಸೇವೆ ಮಾಡಿದ ಹಿರೇಮಲ್ಲಶೆಟ್ಟಿ ಚಿಕ್ಕಮಲ್ಲಶೆಟ್ಟಿ ಎಂಬ ಲಿಂಗವಂತ ಸಹೋದರರು ಸಂಪಗಾವಿಯ ಸೀಮೆಗೆ ಬಂದು ನೆಲೆಯೂರಿ ಕಿತ್ತೂರ ಸಂಸ್ಥಾನಕ್ಕೆ ಮೂಲಪುರುಷರಾದರು.